ಅಮ್ಮಣ್ಣಿಯ ಊಟದ ಚೀಲ

“ಅಮ್ಮಾ, ಇವರಿಗೆ ಯಾವುದು ಬೇಕಂತೆ?” ಎಂದು ಅಂಗಡಿಯವನು ನನ್ನನ್ನು ಕೇಳಿದ.

ಇವರು ಎಂದರೆ ನನ್ನ ಅಣ್ಣ. ನನಗಿಂತ ಮುಂದೆ, ಕಟ್ಟೆಗೆ ಅಂಟಿಕೊಂಡೇ ನಿಂತಿದ್ದ. ಕಪ್ಪು ಕನ್ನಡಕ, ಇಸ್ತ್ರಿ ಹಾಕಿದ ಅಂಗಿ. ಎಡಗೈಯಲ್ಲಿ ದಾರಿ ತೋರುವ ನಾಯಿ ಅಮ್ಮಣ್ಣಿಯ ಬೆನ್ನುಪಟ್ಟಿಯ ಹಿಡಿ.

“ನನಗೇನೂ ಬೇಡಪ್ಪ, ನಾನು ಊಟ ಮುಗಿಸ್ಕೊಂಡೇ ಬಂದೆ” ಎಂದ ಅಣ್ಣ. “ನಾಯಿಗೆ ಬೇಕು. ಬೆಳೆದ ನಾಯಿಗೆ ಹಾಕೋ ಒಣ ಆಹಾರ, ಮಾಂಸ ಜಾಸ್ತಿ ಇರೋದು.”

ಅಂಗಡಿಯವನು ನಕ್ಕ. ನಕ್ಕು ಮತ್ತೆ ನನ್ನ ಕಡೆಗೇ ತಿರುಗಿ, “ಎಷ್ಟು ವಯಸ್ಸಮ್ಮಾ ಇದಕ್ಕೆ?” ಎಂದ.

ಅಣ್ಣನಿಗೆ ಹದಿಹರೆಯದಲ್ಲೇ ಕಣ್ಣು ಹೋಯಿತು. ಆದರೂ ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್ ಆಗಿ ತಲೆ ನರೆಯುವವರೆಗೆ ದುಡಿದ. ಎಷ್ಟೋ ಜನರ ಸಾವುಬದುಕಿನ ಕರೆಗಳನ್ನು ಒಂದೂ ತಪ್ಪದಂತೆ ಸರಿಯಾದ ಕೋಣೆಗೆ ಮುಟ್ಟಿಸಿದವನು. ಅಂಥವನನ್ನು ಮಾತು ಬಾರದ ಕೂಸಿನ ಹಾಗೆ ದಾಟಿ, ಅವನ ಹೆಗಲ ಮೇಲಿಂದ ನನ್ನನ್ನು ಕೇಳುತ್ತಾರೆ. ಹೊಸದೇನಲ್ಲ. ಆದರೆ ಅಂದು ನನಗೆ ತಡೆದುಕೊಳ್ಳುವ ಶಕ್ತಿ ಕಡಿಮೆಯಿತ್ತು. ಯಾಕೆಂದರೆ ಅಮ್ಮಣ್ಣಿ ನಮ್ಮ ಕೈ ಬಿಟ್ಟುಹೋಗುವ ಹಾಗಿತ್ತು.

ಅಮ್ಮಣ್ಣಿ ಕಪ್ಪು ಲ್ಯಾಬ್ರಡಾರ್. ಕುರುಡರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಶಾಲೆಯೊಂದಿದೆ, ಅಲ್ಲಿಂದ ಬಂದದ್ದು. ಸಾಕುವವನು ಅಣ್ಣ, ಆದರೆ ಹಕ್ಕು ಶಾಲೆಯದು. ವರ್ಷಕ್ಕೊಮ್ಮೆ ಅಲ್ಲಿಂದ ಒಬ್ಬ ಹೆಂಗಸು ತಪಾಸಣೆಗೆ ಬರುತ್ತಾರೆ. ಬಂದವರೇ ಮೊದಲು ತೂಕದ ಯಂತ್ರ ಬಿಚ್ಚುವುದರಿಂದ ಅಣ್ಣ ಅವರಿಗೆ ತೂಕದಮ್ಮ ಎಂದು ಹೆಸರಿಟ್ಟಿದ್ದ. ಈ ಸಲ ತೂಕದಮ್ಮ ಅಮ್ಮಣ್ಣಿಯ ಪಕ್ಕೆ ಸವರಿ ನೋಡಿ ಹುಬ್ಬು ಗಂಟಿಕ್ಕಿದರು. ಒಂದೊಂದು ಎಲುಬೂ ಕೈಗೆ ಸಿಗುತ್ತಿತ್ತು.

“ಮುಂದಿನ ತಿಂಗಳು ಮತ್ತೆ ಬರ್ತೀನಿ” ಎಂದರು, ನನಗೆ. “ಆಗಲೂ ಹೀಗೇ ಇದ್ರೆ ವಾಪಸ್ ಕರ್ಕೊಂಡು ಹೋಗ್ಬೇಕಾಗುತ್ತೆ. ಅವರ ಕೈಲಿ ನೋಡ್ಕೊಳ್ಳಕ್ಕಾಗ್ತಿಲ್ಲ ಅನ್ಸುತ್ತೆ.”

ಪಶುವೈದ್ಯರು ರಕ್ತ, ಹೊಟ್ಟೆ ಎಲ್ಲ ಪರೀಕ್ಷಿಸಿ, “ರೋಗ ಏನೂ ಇಲ್ಲ. ಹೊಟ್ಟೆಗೆ ಸಾಲ್ತಿಲ್ಲ, ಅಷ್ಟೆ” ಎಂದರು. ಅಣ್ಣನದು ಎಂದಿನ ಬಟ್ಟಲು, ಎಂದಿನ ಅಳತೆ, ಒಂದು ಹೊತ್ತೂ ತಪ್ಪಿಸಿರಲಿಲ್ಲ. ಆದರೆ ಎರಡು ತಿಂಗಳಿಂದ ಒಂದು ಮಾತು ಹೇಳುತ್ತಲೇ ಇದ್ದ: ಅಂಗಡಿಯಿಂದ ಬರುವ ಚೀಲದ ವಾಸನೆ ಬೇರೆಯಾಗಿದೆ. ಅವನ ಮಗಳು ವಾರಕ್ಕೊಮ್ಮೆ ಬಂದುಹೋಗುವವಳು. ಅವಳು ಚೀಲ ನೋಡಿ, “ಅದೇ ನೀಲಿ ಚೀಲ ಅಪ್ಪ, ಅದೇ ನಾಯಿ ಚಿತ್ರ. ನಿಮ್ಮದೊಂದು ಅನುಮಾನ” ಎಂದಿದ್ದಳು. ಮಾತು ಅಲ್ಲಿಗೆ ಮುಗಿದಿತ್ತು.

ಅದಕ್ಕೇ ಆ ಅಂಗಡಿಗೆ ಬಂದಿದ್ದೆವು. ಈಗ ಅಣ್ಣ ಜೇಬಿನಿಂದ ಒಂದು ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟ. “ಇದು ನೀವು ಮನೆಗೆ ಕಳಿಸಿರೋದು. ನಾನು ಯಾವಾಗಲೂ ತರಿಸೋ ಚೀಲದ್ದು ನಾಲ್ಕು ಕಾಳು ಕೊಡಿ.”

ಅಂಗಡಿಯವನು ಕದಲಲಿಲ್ಲ. ಬಿಲ್ ಹಾಕುತ್ತಿದ್ದ ಹೆಂಗಸು ಎದ್ದು ಹೋಗಿ, ಮಾದರಿಗೆಂದು ಇಟ್ಟಿದ್ದ ಜಾಡಿಯನ್ನೇ ತಂದು ಮುಚ್ಚಳ ತೆರೆದು, “ನಿಮ್ಮ ಬಲಗೈ ಹತ್ರ ಇದೆ, ಸಾರ್” ಎಂದಳು. ಎಷ್ಟು ಸಣ್ಣ ಮಾತು! ಆದರೆ ಆ ಅಂಗಡಿಯಲ್ಲಿ ಅಣ್ಣನಿಗೆಂದೇ ಆಡಿದ ಮೊದಲ ಮಾತು ಅದು.

ಅಣ್ಣ ಒಂದು ಕಾಳು ಮೂಸಿ, ಬಾಯಿಗೆ ಹಾಕಿ ಕಚ್ಚಿದ. ಡಬ್ಬಿಯದನ್ನೂ ಕಚ್ಚಿದ. ಅಮ್ಮಣ್ಣಿ ತಲೆಯೆತ್ತಿ, ನನ್ನ ಪಾಲು ಎಲ್ಲಿ ಎನ್ನುವಂತೆ ನೋಡಿತು.

“ಇದು ಮಾಂಸ” ಎಂದ ಅಣ್ಣ. “ಇದು ಹೊಟ್ಟು. ಯಾಕೆ ಹೊಟ್ಟು ಕಳಿಸಿದ್ರಿ?”

ಅಂಗಡಿಯವನು ನನ್ನನ್ನೇ ನೋಡುತ್ತ ಹೇಳಿದ: “ಹಾಗೇನಿಲ್ಲಮ್ಮ. ಆ ಚೀಲ ಖಾಲಿಯಾಗಿತ್ತು. ಅದೇ ಕಂಪನಿದು, ದಪ್ಪ ನಾಯಿಗಳ ತೂಕ ಇಳಿಸೋದು, ಉಳಿದಿತ್ತು. ಬಣ್ಣಾನೂ ಒಂದೇ. ಹೇಗೂ ಅವರಿಗೆ…” ಎಂದು ನಿಲ್ಲಿಸಿದ.

ನನಗೆ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ದಿನವಿಡೀ ಅಣ್ಣನನ್ನು ಬೀದಿ ದಾಟಿಸುವ ಪ್ರಾಣಿಗೆ ತೂಕ ಇಳಿಸುವ ಹೊಟ್ಟು! ಅದೂ ತಿಳಿದೇ!

“ಹೇಗೂ ಅವರಿಗೆ ಕಾಣಲ್ಲ, ಅಲ್ವೇನಯ್ಯ?” ಎಂದೆ. “ಕಣ್ಣಿದ್ದವರ ಕಣ್ಣಿಗೆ ಮಣ್ಣೆರಚೋರನ್ನ ನೋಡಿದ್ದೀನಿ. ಇಲ್ಲದ ಕಣ್ಣಿಗೂ ಎರಚಿದೋನು ನೀನೇ ಮೊದಲು! ಆ ನಾಯಿ ಹಸಿದು ಹಸಿದು ಸೊರಗಿತಲ್ಲ, ನಿನ್ನ ಹೊಟ್ಟೆ ಹೇಗೆ ತಣ್ಣಗಿದೆ?” ಇನ್ನೂ ಏನೇನೋ ಅಂದೆ. ಕಾಲೇಜಿನಲ್ಲಿ ಓದಿದ ಯಾವ ಪುಸ್ತಕದಲ್ಲೂ ಇಲ್ಲದ ಮಾತುಗಳೂ ಬಂದವು. ಆಮೇಲೆ ಅಣ್ಣನ ತೋಳು ಹಿಡಿದು ಹೊರಗೆ ಕರೆತಂದೆ.

ಕಾಲುದಾರಿಯ ಮೇಲೆ ಅಣ್ಣ ತೋಳು ಬಿಡಿಸಿಕೊಂಡ.

“ಪುಟ್ಟಿ” ಎಂದ. ನನಗೆ ಮೊಮ್ಮಕ್ಕಳಾದರೂ ಅವನಿಗೆ ನಾನು ಪುಟ್ಟಿಯೇ. “ಮೋಸ ಹೋದೋನು ಯಾರು?”

“ನೀನು.”

“ಬೈದೋಳು ಯಾರು?”

“ನಾನು.”

“ಅವನು ನನ್ನ ನಾಯಿ ಊಟ ಕಿತ್ಕೊಂಡ. ನೀನು ನನ್ನ ಸಿಟ್ಟನ್ನೇ ಕಿತ್ಕೊಂಡೆ. ನನಗೆ ಅಂತ ಏನು ಉಳೀತು?”

ನನ್ನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಆದರೆ ಅದು ಇನ್ನೊಬ್ಬರ ಸೊತ್ತೆಂದು ಅವನು ಹೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಬಿಲ್ ಹಾಕುವ ಹೆಂಗಸು ಓಡುತ್ತ ಬಂದಳು. ಕೈಯಲ್ಲಿ ಮೂರು ಸಣ್ಣ ಪೊಟ್ಟಣ. “ಸಾರ್, ಮಾಂಸ ಜಾಸ್ತಿ ಇರೋ ಮೂರು ಕಂಪನಿಗಳ ಮಾದರಿ ಇದು. ಗುರುತು ಸಿಗಲಿ ಅಂತ ರಬ್ಬರ್ ಬ್ಯಾಂಡ್ ಹಾಕಿದ್ದೀನಿ. ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು.” ಅವನ ಕೈಗೇ ಕೊಟ್ಟು, ಕಂಪನಿಗಳ ಹೆಸರು ಹೇಳಿ, ಹಾಗೆಯೇ ತಿರುಗಿ ಓಡಿದಳು.

ಮನೆಗೆ ಬಂದ ಮೇಲೆ ಅಣ್ಣ ಫೋನು ಮುಂದಿಟ್ಟುಕೊಂಡ. ನಾನು ಕನ್ನಡಕ ಒರೆಸಿಕೊಂಡು ಪೊಟ್ಟಣಗಳ ಮೇಲಿನ ಇರುವೆಸಾಲಿನಂಥ ಅಕ್ಷರ ಓದಲು ಕೂತರೆ, “ನಂಬರ್ ಮಾತ್ರ ಓದು. ಉಳಿದಿದ್ದು ಕಂಪನಿಯವರೇ ಹೇಳಲಿ” ಎಂದ.

ಮೊದಲನೆಯ ಕಂಪನಿಯಲ್ಲಿ ಕಾಯಿಸುವ ಸಂಗೀತ ಮುಗಿಯಲೇ ಇಲ್ಲ. ಎರಡನೆಯದರಲ್ಲಿ ಒಬ್ಬ ತರುಣ ಸಿಕ್ಕ. ಅವನ ಮಾತು ನನಗೂ ಕೇಳುತ್ತಿತ್ತು.

“ಎಲ್ಲಾ ಚೀಲದ ಮೇಲೇ ಇದೆ ಸಾರ್.”

“ನನಗೆ ಕಣ್ಣು ಕಾಣಲ್ಲ.”

“ಮನೇಲಿ ಓದೋಕೆ ಬರೋರು ಯಾರೂ ಇಲ್ವಾ?”

“ಇದ್ದಾರೆ. ನಿಮ್ಮ ಕಂಪನೀಲಿ ಯಾರೂ ಇಲ್ವಾ?”

ಫೋನು ಕಟ್ಟಾಯಿತು. ನಾನು ಬಾಯಿ ತೆರೆದವಳು ಸೆರಗು ಕಚ್ಚಿಕೊಂಡೆ. ಅಣ್ಣ ಮೂರನೆಯ ನಂಬರು ಒತ್ತಿದ.

ಈ ಸಲ ನೆಗಡಿಯ ದನಿಯ ಹೆಂಗಸು. ಅಣ್ಣ ಕೇಳಿದ: “ಜಾಹೀರಾತಲ್ಲಿ ಶೇಕಡ ಅರವತ್ತು ಮಾಂಸ ಅಂತೀರಲ್ಲ, ಅದು ಹಸಿ ಮಾಂಸದ ತೂಕವೋ, ಒಣಗಿಸಿದ ಮೇಲಿನದೋ?”

“ಇದನ್ನ ಇದುವರೆಗೆ ಯಾರೂ ಕೇಳಿಲ್ಲ ಸಾರ್. ಒಂದು ನಿಮಿಷ ಇರಿ.”

ಅಣ್ಣ ಫೋನಿಗೆ ಕೈ ಅಡ್ಡ ಹಿಡಿದು ನನಗೆ ಹೇಳಿದ: “ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ. ಒಣಗಿದ್ರೆ ಬುಟ್ಟಿ ಮಾಂಸ ಬೊಗಸೆ ಆಗುತ್ತೆ. ಚೀಲದ ಮೇಲೆ ಮಾತ್ರ ಬುಟ್ಟಿ ಲೆಕ್ಕ ಬರೀತಾರೆ.”

ಹೆಂಗಸು ಮರಳಿದಳು. ದನಿ ತಗ್ಗಿಸಿ, “ಸಾರ್, ನಿಜ ಹೇಳ್ತೀನಿ. ನೀವು ಕೇಳಿದ್ದರಲ್ಲಿ ಹಸೀದೇ ಲೆಕ್ಕ. ಬಟಾಣಿ ಪುಡೀನೂ ಸೇರಿ ಪ್ರೊಟೀನ್ ಜಾಸ್ತಿ ಕಾಣುತ್ತೆ. ನಮ್ಮದೇ ಇನ್ನೊಂದಿದೆ, ಚೀಲ ನೋಡೋಕೆ ಚೆನ್ನಾಗಿಲ್ಲ…”

“ಅದರ ಚಿಂತೆ ನನಗಿಲ್ಲ” ಎಂದ ಅಣ್ಣ. ಆಕೆ ಮೂಗು ಕಟ್ಟಿದ ದನಿಯಲ್ಲೇ ನಕ್ಕಳು.

“ಅದಕ್ಕೆ ಒಣಗಿಸಿದ ಕೋಳಿಮಾಂಸವನ್ನೇ ಹಾಕ್ತಾರೆ. ಅರ್ಧಕ್ಕಿಂತ ಜಾಸ್ತಿ. ಅಕ್ಕಿ ಆಮೇಲೆ, ಬಟಾಣಿ ಇಲ್ಲವೇ ಇಲ್ಲ. ಓಡಾಡೋ ನಾಯಿಗೆ ಕೊಬ್ಬೂ ಸಾಕಷ್ಟಿದೆ. ಪೂರ್ತಿ ಓದ್ತೀನಿ, ಕೇಳಿಸ್ಕೊಳ್ಳಿ.” ಸೀನುತ್ತ, ಕ್ಷಮೆ ಕೇಳುತ್ತ, ಒಂದೊಂದೇ ಪದಾರ್ಥವನ್ನು ನಿಧಾನವಾಗಿ ಓದಿದಳು. ಅಣ್ಣ ಕೇಳಿಕೊಂಡದ್ದಕ್ಕೆ ಮತ್ತೊಮ್ಮೆಯೂ ಓದಿದಳು.

ಅಣ್ಣ ಅದನ್ನೇ ಆರಿಸಿದ, ಬೇರೆ ಅಂಗಡಿಯಿಂದ ತರಿಸಿದ. ಪಶುವೈದ್ಯರಿಗೆ ಫೋನು ಮಾಡಿ ಅಳತೆ ಗೊತ್ತುಮಾಡಿಕೊಂಡ. ಹೊಟ್ಟೆ ಕೆಡದಿರಲೆಂದು ಮೊದಲ ದಿನಗಳಲ್ಲಿ ಹಳೆಯದಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿದ. ಪ್ರತಿ ಬೆಳಿಗ್ಗೆ ಅಮ್ಮಣ್ಣಿಯ ಪಕ್ಕೆ ಸವರಿ ನೋಡುತ್ತಿದ್ದ.

ಹೇಳಿದ ಹಾಗೆ ತಿಂಗಳಿಗೆ ತೂಕದಮ್ಮ ಮತ್ತೆ ಬಂದರು. ಯಂತ್ರದ ಮೇಲೆ ಅಮ್ಮಣ್ಣಿ ಮದುವಣಗಿತ್ತಿಯ ಗತ್ತಿನಲ್ಲಿ ನಿಂತಿತು. ತೂಕ ಏರಿತ್ತು. ಆದರೆ ಇರಬೇಕಾದಷ್ಟಕ್ಕೆ ಇನ್ನೂ ತುಸು ಕಡಿಮೆ.

“ಪರವಾಗಿಲ್ಲ” ಎಂದರು ನನ್ನ ಕಡೆ ತಿರುಗಿ. “ಅವರ ಮಗಳು ಫೋನ್ ಮಾಡಿದ್ರು. ಇನ್ಮೇಲೆ ಊಟ ತರೋದು, ಅಳೆಯೋದು ಎಲ್ಲಾ ಅವರೇ ನೋಡ್ಕೊಳ್ತಾರಂತೆ. ಹಾಗಿದ್ರೆ ನಾಯಿ ಇಲ್ಲೇ ಇರಬಹುದು. ಏನಂತೀರಿ?”

ಹೇಳುವುದಕ್ಕೆ ನನ್ನ ಬಳಿ ಬೇಕಾದಷ್ಟಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಎದ್ದು ಅಡುಗೆಮನೆಗೆ ಹೋದೆ. ನಾನಿಲ್ಲದಿದ್ದರೆ ಆಕೆ ಯಾರ ಮುಖ ನೋಡಿ ಮಾತಾಡಿಯಾರು? ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೆ ತಿಕ್ಕತೊಡಗಿದೆ.

“ಬೇಡ” ಎಂದ ಅಣ್ಣನ ದನಿ ಕೇಳಿತು. “ಹಾಗಾದ್ರೆ ಕರ್ಕೊಂಡು ಹೋಗಿ.”

ಅಮ್ಮಣ್ಣಿಯಿಲ್ಲದೆ ಅವನು ಬೀದಿಯ ತಿರುವನ್ನೂ ದಾಟಲಾರ.

“ಆ ಚೀಲ ಕಳಿಸಿದೋನಿಗೆ ಕಣ್ಣಿತ್ತು. ಹೊತ್ಕೊಂಡು ಬಂದೋನಿಗೆ ಕಣ್ಣಿತ್ತು. ಅದೇ ಚೀಲ ಅಪ್ಪ ಅಂದ ನನ್ನ ಮಗಳಿಗೆ ಎರಡು ಕಣ್ಣೂ ಚೆನ್ನಾಗಿವೆ. ಇದು ಬೇರೆ, ಇದು ಬೇರೆ ಅಂತ ಎರಡು ತಿಂಗಳು ಬಡ್ಕೊಂಡೋನು ನಾನೊಬ್ಬ. ಈಗ ಅಳತೆ ಬಟ್ಟಲು ಅವರ ಕೈಗೆ ಕೊಟ್ಟು, ನನ್ನನ್ನ ಮೂಲೇಲಿ ಕೂರಿಸ್ತೀರಾ? ಇವಳು ನನ್ನ ದಾರಿ ನೋಡ್ತಾಳೆ. ಇವಳ ಹಸಿವು ನಾನು ನೋಡ್ಬೇಕು. ಅದೂ ಇಲ್ಲ ಅಂದ್ರೆ ನಾನು ಇವಳ ಹಿಂದೆ ಎಳ್ಕೊಂಡು ಹೋಗೋ ಸಾಮಾನು. ನಂಗೆ ಸಿಟ್ಟು ಬಂದಿದೆ ಅಮ್ಮ. ಬಹಳ ಸಿಟ್ಟು ಬಂದಿದೆ.”

ಕೂಗಲಿಲ್ಲ. ತಪ್ಪು ಕೋಣೆಗೆ ಹೋಗುತ್ತಿದ್ದ ಕರೆಯನ್ನು ಹಿಡಿದು ನಿಲ್ಲಿಸುವ ಹಳೆಯ ಆಪರೇಟರ್ ದನಿ ಅದು.

ಕುರ್ಚಿ ಎಳೆದ ಸದ್ದು, ಅಣ್ಣನ ಹತ್ತಿರಕ್ಕೆ.

“ಈಗ ಏನು ಹಾಕ್ತಿದ್ದೀರಿ?” ಎಂದರು ತೂಕದಮ್ಮ.

ಅಣ್ಣ ಹೇಳಿದ. ಅಷ್ಟು ಮಾಂಸ ಹೆಚ್ಚಾಗಲಿಲ್ಲವೇ ಎಂದು ಆಕೆ ವಾದಿಸಿದರು. ಮೂತ್ರಪಿಂಡ ಗಟ್ಟಿಯಿದೆ, ವೈದ್ಯರನ್ನು ಕೇಳಿಯೇ ಹಾಕಿದ್ದೇನೆ ಎಂದ. ನೀರು ಕುಡಿಯುತ್ತಾಳೆಯೇ, ಮಲ ಹೇಗಿದೆ ಎಂದು ಕೇಳಿದರು. ಇಬ್ಬರೂ ಒಂದೇ ಕಸುಬಿನವರಂತೆ ತಕರಾರು ಮಾಡುತ್ತ ಕೂತರು. ನಾನು ಒಳಗಿನಿಂದಲೇ ಕೇಳುತ್ತಿದ್ದೆ.

ಹೊರಡುವಾಗ ಆಕೆ ಅಣ್ಣನಿಗೇ ಹೇಳಿದರು: “ಅಮ್ಮಣ್ಣಿ ಇಲ್ಲೇ ಇರಲಿ. ಬಟ್ಟಲೂ ನಿಮ್ಮ ಕೈಲೇ ಇರಲಿ. ಆ ಅಂಗಡಿಯಿಂದ ನಮ್ಮ ಶಾಲೆ ನಾಯಿ ಸಾಕೋರು ಇನ್ನೂ ಮೂವರು ತರಿಸ್ಕೊಳ್ತಾರೆ ಸಾರ್, ನಂಬರ್ ಕೊಡ್ತೀನಿ. ನೀವೇ ಅವರಿಗೆ ಒಂದು ಮಾತು ಹೇಳ್ತೀರಾ?”

ಅವರು ಮೆಟ್ಟಿಲಿಳಿಯುವ ಮೊದಲೇ ಅಣ್ಣ ಫೋನು ಎತ್ತಿಕೊಂಡಿದ್ದ. ಮೂವರಲ್ಲಿ ಮೊದಲನೆಯವರು ಯಾರೋ ಹಿರಿಯರು. ಅಣ್ಣ ವಿಷಯ ಹೇಳಿ ಮುಗಿಸುವುದರೊಳಗೆ ಆ ಕಡೆಯಿಂದ ಎದ್ದ ಕೂಗು ಅಡುಗೆಮನೆಯವರೆಗೂ ಕೇಳಿಸಿತು. ಅಂಗಡಿಯವನ ಏಳು ತಲೆಮಾರನ್ನೂ ಬೀದಿಗೆಳೆದು ಬೈಯುತ್ತಿದ್ದರು. ಅಣ್ಣ ಫೋನನ್ನು ಕಿವಿಯಿಂದ ತುಸು ದೂರ ಹಿಡಿದು, ಅವರು ಮುಗಿಸುವವರೆಗೂ ನಡುವೆ ಬಾಯಿ ಹಾಕದೆ ಕಾದ.