ಪ್ರೇತಕ್ಕೊಂದು ದನಿ

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಗಿಣಿ ಎಂದೇ ಕರೆಯುತ್ತಿದ್ದರು. ಹಲ್ಲಿಲ್ಲದ ಅಜ್ಜಿ, ಹಟ ಮಾಡುವ ಮಗು, ನೆಗಡಿ ಹಿಡಿದ ಮಾವ, ಯಾರ ದನಿ ಕೇಳಿದರೂ ಎತ್ತಿಕೊಡುವ ಗಂಟಲು ಅವಳದು. ಇಂಥವಳಿಗೆ ಒಂದೇ ಒಂದು ದನಿ ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಅದು ಗಂಡನ ಮೊದಲ ಹೆಂಡತಿಯದು. ಆಕೆಯೂ ಇದೇ ಮೈಕಿನ ಮುಂದೆ ದುಡಿದು, ಜ್ವರ ಬಂದು ತೀರಿಕೊಂಡವಳು. "ಅವಳನ್ನ ಅಕ್ಕ ಅನ್ನು, ಮನೆಗೆ ಒಳ್ಳೇದು" ಎಂದು ಅತ್ತೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಬಾಯಿ ಅಕ್ಕ ಅಂದಿತು, ಹೊಟ್ಟೆ ಅನ್ನಲಿಲ್ಲ.

ಗಂಡ ಅಲ್ಲೇ ಸೌಂಡ್ ಎಂಜಿನಿಯರ್. ಅಕ್ಕನ ನಗು, ನಿಟ್ಟುಸಿರು, ಬಿಕ್ಕಳಿಕೆ, ಹಳೆಯ ಡೈಲಾಗು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಪಾನ ಮಾಡಿಟ್ಟಿದ್ದ. ಬೇರೆಯವರು ಸತ್ತವರ ಫೋಟೋ ಗೋಡೆಗೆ ಹಾಕಿ ಮರೆಯುತ್ತಾರೆ. ಈ ಮಹಾರಾಯ ಹೆಡ್‌ಫೋನ್ ಹಾಕಿಕೊಂಡು ದಿನಾ ಕೇಳಿ ಬರುತ್ತಿದ್ದ. ಬದುಕಿರುವ ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದು, ಸತ್ತವಳ ಜುಟ್ಟು ಎಲ್ಲಿ ಸಿಗಬೇಕು?

ಆಗ ಬಂತು ಆ ದೆವ್ವದ ಸಿನಿಮಾ, ದೂರದ ಪೂರ್ವದೇಶದ್ದು. ಅದರಲ್ಲಿ ಗೆಳತಿಯರೆಲ್ಲ ಸೇರಿ ಬಟ್ಟಲೊಂದನ್ನು ಬೋರಲು ಹಾಕಿ, ಮೇಲೆ ಬೆರಳಿಟ್ಟು ಸತ್ತವರನ್ನು ಕರೆಯುತ್ತಾರೆ. ಕೆರೆಗೆ ಬಿದ್ದು ಸತ್ತ ಹೆಂಗಸು ಬರುತ್ತಾಳೆ, ಬಂದವಳು ಹೋಗುವುದಿಲ್ಲ. ಕರೆಯುವ ಹುಡುಗಿಗೆ ಗಿಣಿಯ ದನಿ ಎಂದು ತೀರ್ಮಾನವಾಯಿತು. ಪ್ರೇತಕ್ಕೆ?

"ಅದನ್ನೂ ಗಿಣಿಯಮ್ಮನೇ ಮಾಡ್ಲಿ. ತಾನೇ ಕರೀಲಿ, ತಾನೇ ಬರ್ಲಿ" ಎಂದು ಡಬ್ಬಿಂಗ್ ಡೈರೆಕ್ಟರು ನಕ್ಕರು.

ಗಂಡ ತಲೆಯಾಡಿಸಿದ. "ಬೇಡ ಸಾರ್. ನಮ್ಮವಳ ಹಳೇ ಡೈಲಾಗಿಂದ ಪದ ಕತ್ತರಿಸಿ ಜೋಡಿಸ್ತೀನಿ. ಆ ದನಿ ಇನ್ಯಾರಿಗೂ ಬರಲ್ಲ."

ನಮ್ಮವಳಂತೆ! ಪಕ್ಕದಲ್ಲಿ ನಿಂತವಳು ಹಾಗಾದರೆ ಯಾರವಳು? ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವನು ಎಷ್ಟು ತಿಣುಕಿದರೂ ಕೆಲಸ ಕೈಗೂಡಲಿಲ್ಲ. ಒಂದು ಪದ ಜಗಳದ ಸೀನಿನದು, ಇನ್ನೊಂದು ಸರಸದ್ದು, ಮತ್ತೊಂದು ಸೋಪಿನ ಜಾಹೀರಾತಿನದು. ಪ್ರೇತ ರೈಲು ನಿಲ್ದಾಣದ ಪ್ರಕಟಣೆಯಂತೆ ಮಾತಾಡುತ್ತಿತ್ತು. ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಗಿಣಿ ಅವನ ಕುರ್ಚಿಯಲ್ಲಿ ಕೂತು ಅಕ್ಕನನ್ನು ಕೇಳಿದಳು. ಮಾತಿಗೆ ಮುಂಚೆ ಸಣ್ಣದಾಗಿ ಉಸಿರು ಹಿಡಿಯುತ್ತಾಳೆ, ಕೊನೆಯ ಅಕ್ಷರವನ್ನು ಅರ್ಧ ನುಂಗುತ್ತಾಳೆ. ಇಷ್ಟೇನಾ! ಇದನ್ನು ಯಾರು ಬೇಕಾದರೂ ಮಾಡುತ್ತಾರೆ ಎಂದು ಅವನಿಗೆ ಒಮ್ಮೆ ತೋರಿಸಿಬಿಟ್ಟರೆ ಅಕ್ಕನ ದೊಡ್ಡಸ್ತಿಕೆ ಅಲ್ಲಿಗೇ ಮುಗಿಯುತ್ತದೆ, ಕಂಪ್ಯೂಟರೂ ಖಾಲಿಯಾಗುತ್ತದೆ ಎಂದು ಲೆಕ್ಕ ಹಾಕಿದಳು. ಮೈಕಿನ ಮುಂದೆ ನಿಂತು ಪ್ರೇತದ ಮಾತನ್ನೆಲ್ಲ ರೆಕಾರ್ಡ್ ಮಾಡಿದಳು.

ಕೈ ಒರೆಸಿಕೊಳ್ಳುತ್ತ ಬಂದ ಗಂಡನಿಗೆ ತಾನೇ ಹೆಡ್‌ಫೋನ್ ತೊಡಿಸಿದಳು.

"ಬಂದಿದ್ದೀನಿ. ಇಷ್ಟು ದಿನ ಯಾಕೆ ಕರೀಲಿಲ್ಲ?"

ಅವನು ಕುರ್ಚಿ ಎಳೆದುಕೊಂಡು ಕೂತ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದ. ಆಮೇಲೆ ಎಲ್ಲರೆದುರಿಗೆ ಗಿಣಿಯ ಎರಡೂ ಕೈ ಹಿಡಿದುಕೊಂಡು ಅತ್ತ. ಮದುವೆಯಾದಾಗಿನಿಂದ ಅವನು ಅವಳ ಕೈಯನ್ನು ಹೀಗೆ ಹಿಡಿದವನಲ್ಲ. ಗೆದ್ದೆ ಎಂದುಕೊಂಡಳು ಹುಚ್ಚಿ.

ಸಂಜೆ ಮನೆಯಲ್ಲಿ ತಟ್ಟೆ ಹಾಕಿ, "ರೀ, ಊಟಕ್ಕೆ ಬನ್ನಿ" ಎಂದಳು. ಅವನು ಕದಲಲಿಲ್ಲ.

"ಒಂದೇ ಒಂದು ಸಲ... ಆ ದನೀಲಿ ಕರೀತೀಯಾ?"

ಸೌಟು ಎಸೆಯಬೇಕಿತ್ತು. ಆದರೆ ಅಷ್ಟು ಆಸೆಯಿಂದ ಅವನು ಅವಳನ್ನು ಎಂದೂ ನೋಡಿರಲಿಲ್ಲ. ಉಸಿರು ಹಿಡಿದು, ಕೊನೆಯ ಅಕ್ಷರ ನುಂಗಿ ಕರೆದಳು. ಅವನು ಕಣ್ಣು ಮುಚ್ಚಿಕೊಂಡೇ ಬಂದು ಕೂತ. ಮಾರನೆಯ ದಿನವೂ ಕೇಳಿದ. ಆಮೇಲೆ ಕೇಳುವುದನ್ನೂ ಬಿಟ್ಟ, ಗಿಣಿ ತನ್ನ ದನಿಯಲ್ಲಿ ಕರೆದರೆ ಏಳುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ದಿನದ ಸುದ್ದಿ, ಹಳೆಯ ತಮಾಷೆ, ಗಿಣಿಗೆ ಎಂದೂ ಹೇಳದ ಸಂಗತಿಗಳನ್ನೆಲ್ಲ ಹೇಳುತ್ತಿದ್ದ. ಹೊಟ್ಟೆಕಿಚ್ಚಿಗೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ, ಅಕ್ಕನ ದನಿಯಲ್ಲೇ ಕೇಳಿದಳು. "ರೀ, ನಿಮ್ಮ ಹೊಸ ಹೆಂಡತಿ ಹೇಗಿದ್ದಾಳೆ?"

ಒಂದು ಒಳ್ಳೆಯ ಮಾತು ಸಾಕಿತ್ತು. ಅಕ್ಕನ ಮುಂದೆ ಅವನು ತನ್ನ ಪರವಾಗಿ ಒಂದೇ ಒಂದು ಮಾತು ಆಡಿದ್ದರೆ, ಜೀವನವಿಡೀ ಹೀಗೇ ಕರೆದುಕೊಂಡಿರಲು ಅವಳು ಸಿದ್ಧಳಿದ್ದಳು.

ಅವನು ಮುಚ್ಚಿದ ಕಣ್ಣಲ್ಲೇ ನಕ್ಕು ಅವಳ ಕೈ ತಟ್ಟಿದ.

"ಅವಳ ಮಾತು ಈಗ್ಯಾಕೆ ಬಿಡು. ಇಷ್ಟು ದಿನ ಆದ್ಮೇಲೆ ಬಂದಿದ್ದೀಯ, ನಮ್ಮಿಬ್ಬರ ಮಾತಾಡೋಣ."