ಆಚಿ ದಂಡಿಯ ಹಸಿರು ಸೀರಿ

ನಮ್ಮೂರು ಕರಜಗಿ ಕಡೆ, ಭೀಮಾ ಹೊಳಿ ದಂಡಿ ಮ್ಯಾಲ. ಈಚಿ ದಂಡಿ ನಾವು, ನವಾಬನ ರಾಜ್ಯೇದವರು. ಆಚಿ ದಂಡಿ ಇಂಡಿ ತಾಲೂಕು, ಮೊದಲು ಇಂಗ್ರೇಜರದು, ಆಮ್ಯಾಲ ದಿಲ್ಲಿ ಸರ್ಕಾರದ್ದು. ರಾಜ್ಯ ಎರಡಾದ್ರೇನು, ಬ್ಯಾಸಗ್ಯಾಗ ನೀರು ಮೊಣಕಾಲಿಗಿ ಬರ್ತಿದ್ದಿಲ್ಲ. ಹೆಣ್ಣು ಕೊಡೋದು, ಹೆಣ್ಣು ತರೋದು, ಎತ್ತು ಮಾರೋದು ಎಲ್ಲಾ ನಡದಿತ್ತು. ಇದ್ದೊಬ್ಬಾಕಿ ಮಗಳು ಗಂಗುಬಾಯಿನ ನಾನೂ ಎದುರಿನ ಊರಿಗೇ ಕೊಟ್ಟೆ. "ಇಲ್ಲಿಂದ ಕೂಗಿದ್ರ ಓ ಅಂತಾಳ ತಗಿ" ಅಂದಿದ್ದ ನನ್ನ ಗಂಡ ಧರ್ಮಣ್ಣ. ಅವನ ಬಾಯಿಗಿ ಏನ್ ಹೇಳಲಿ!

ನವಾಬನ ಕಡಿ ರಝಾಕಾರರ ಗದ್ಲ ಎದ್ದಿತ್ತಲ್ಲ, ಆ ವರ್ಷದ ಬ್ಯಾಸಗ್ಯಾಗ ಗಂಗುಬಾಯಿಗಿ ಐದು ತಿಂಗಳು. ಹೊಳಿ ದಾಟಿ ಹೋಗಿ ಕುಬಸಾ ಮಾಡಿದೆ. ಹಸಿರು ಸೀರಿ ಉಡಿಸಿ, ಹಸಿರು ಬಳಿ ಇಡಿಸಿ, ಉಡಿ ತುಂಬಿ ಬೀಗರಿಗಿ ಹೇಳಿದೆ: "ಚೊಚ್ಚಲ ಹೆರಿಗಿ ತವರಾಗೇ ಆಗಬೇಕ್ರಿ. ಏಳರಾಗ ಬಂದು ಕರಕೊಂಡು ಹೋಗ್ತೇನಿ."

ನನ್ನ ಸಂಗಾಟ ಪೀರಬಿನೂ ಬಂದಿದ್ಲು. ಪೀರಬಿ ನಮ್ಮ ಗೋಡಿಗಿ ಗೋಡಿ ಹಚ್ಚಿದ ಮನಿಯಾಕಿ, ಊರ ಸೂಲಗಿತ್ತಿ. ಗಂಗುಬಾಯಿನ ಭೂಮಿಗಿ ತಂದದ್ದೇ ಆಕಿ ಕೈ. ಆಕಿ ಗಂಡ ಲಾಡ್ಲೆಸಾಬ ಹರಗೋಲ ನಡಸಾಂವ. ಅವತ್ತು ಪೀರಬಿ ಹುಡುಗಿ ಹೊಟ್ಟಿ ಮ್ಯಾಲ ಕೈ ಆಡಿಸಿ, "ನವರಾತ್ರಿಕಿಂತ ಮೊದಲೇ ಆಗ್ತದ ಅಕ್ಕಾ. ಈ ಕೂಸಿಗೂ ನಾನೇ ನೀರ ಹಾಕಾಕಿ, ಬ್ಯಾರೆ ಯಾರಿಗೂ ಮುಟ್ಟಗೊಡಂಗಿಲ್ಲ" ಅಂದ್ಲು. "ನಿನ್ನ ಬಿಟ್ರ ಯಾರಿಗಿ ಕರೀಲಿ ಬೇ" ಅಂದೆ ನಾನು.

ಏಳು ತಿಂಗಳು ತುಂಬೂದ್ರಾಗ ಹೊಳಿನೂ ತುಂಬಿತು, ನಾಕಾನೂ ಬಂತು. ಈಚಿ ದಂಡಿಗಿ ನವಾಬನ ಬಂದೂಕು, ಆಚಿ ದಂಡಿಗಿ ದಿಲ್ಲಿ ಪೋಲೀಸರು. ಪರವಾನಗಿ ಬೇಕಂತ! ಮಗಳ ಕರಕೊಂಡು ಬರಾಕ ಪರವಾನಗಿ ಕೇಳಾವ ಯಾವ ಅವ್ವನ ಹೊಟ್ಟ್ಯಾಗ ಹುಟ್ಟಿದ್ದನೋ. ಧರ್ಮಣ್ಣ ಅಫಜಲಪುರದ ಕಚೇರಿಗಿ ಅಡ್ಡಾಡಿ ಅಡ್ಡಾಡಿ ಕೆರ ಹರಕೊಂಡ. ಕಡೀಕ ಹರಗೋಲ ಬಂದ್ ಮಾಡ್ರಿ ಅಂತ ಹುಕುಂ ಬಂತು.

ಕಡೀ ಖೇಪಿಗಿ ಲಾಡ್ಲೆಸಾಬ ಹೋಗಾಗ ಪೀರಬಿನೇ ಒಂದು ಉಪಾಯ ಹೇಳಿ ಕಳಿಸಿದ್ಲು. ಆಚಿ ದಂಡಿ ಮ್ಯಾಲ ಅರಿವಿ ಒಗಿಯೋ ಜಾಗಾದಾಗ ಒಂದು ಜಾಲಿ ಗಿಡ ಅದ. "ದಿನಾ ಮುಂಜಾನಿ ಕುಬಸದ ಸೀರಿ ಆ ಗಿಡಕ್ಕ ಹಾಕವಾ. ಸೀರಿ ಕಂಡ್ರ ನೀ ಸುಖ ಇದ್ದಿ ಅಂತ ನಿಮ್ಮವ್ವ ತಿಳಕೋತಾಳ."

ಅವತ್ತಿನಿಂದ ನನ್ನ ಬಾಳೇವು ಎಲ್ಲಾ ಆ ಗಿಡದ ಮ್ಯಾಲೇ. ಎದ್ದಕೂಡಲೇ ಕೊಡ ತಗೊಂಡು ಹೊಳಿಗಿ ಓಡೋದು. ಕೆಂಪು ನೀರಿನ ಆಚಿ ಹಸಿರು ಕಂಡ್ರ ಅವತ್ತು ರೊಟ್ಟಿ ಗಂಟಲಾಗ ಇಳೀತಿತ್ತು. ಒಮ್ಮೊಮ್ಮೆ ಗಿಡದ ಬಾಜೂಕ ಆಕಿ ನಿಂತಂಗ ಕಾಣಸ್ತಿತ್ತು. "ಗಂಗೂ" ಅಂತ ಚೀರತಿದ್ದೆ. ಹೊಳಿ ಸಪ್ಪಳದಾಗ ನನ್ನ ದನಿ ನನಗೇ ಕೇಳಸ್ತಿದ್ದಿಲ್ಲ. ಮನಿಗಿ ಬಂದ್ರ ಪಡಸಾಲ್ಯಾಗ ಮಗಳಿಗಂತ ಮಾಡಿಸಿದ ತೊಟ್ಟಿಲ ಖಾಲಿ ತೂಗಾಡ್ತಿತ್ತು.

ಊರ ಗಂಡಸರಿಗಿ ಮಾತ್ರ ಯುದ್ಧ ಅಂದ್ರ ಎಲಿಅಡಿಕಿ ಆಗಿತ್ತು, ಬಾಯಾಗ ಹಾಕ್ಕೊಂಡು ಅಗದದ್ದೇ ಅಗದದ್ದು. ಅಗಸಿ ಕಟ್ಟಿ ಮ್ಯಾಲ ಸಾಲಿ ಮಾಸ್ತರ ವ್ಯಂಕಟೇಶ ಪೇಪರ ಓದಿ ಹೇಳಾವ. ಒಂದಿನ ಕೊಡ ಇಳಿಸಿ ನಾನೂ ನಿಂತೆ, ಪೀರಬಿನೂ ನಿಂತ್ಲು.

"ಇದು ಹುಟ್ಟಿದ್ದ ಹ್ಯಾಂಗ್ರಿ ಮಾಸ್ತರ?" ಅಂದೆ.

"ಇಂಗ್ರೇಜರು ಹೋಗಾಗ, ಯಾರ ಸಂಗಾಟ ಬೇಕಾದ್ರೂ ಕೂಡ್ರಿ ಅಂತ ರಾಜರಿಗಿ ಹೇಳಿ ಹೋದ್ರು. ನವಾಬರು ನಾವು ಒಬ್ಬರೇ ಇರ್ತೀವಿ ಅಂದ್ರು. ಸುತ್ತಲೂ ನಾವೇ ಇರಾಗ ನಡುವ ನೀ ಹ್ಯಾಂಗ ಬ್ಯಾರೆ ಇರ್ತಿ ಅಂತ ದಿಲ್ಲಿಯವರು. ಒಂದು ವರ್ಷ ಸುಮ್ನಿರೂಣು ಅಂತ ಕರಾರ ಆತು. ಈಗ ಕರಾರ ಮುರದಾವ ನೀನು ಅಂತ ಅವರು ಇವರಿಗಿ ಅಂತಾರ, ಇವರು ಅವರಿಗಿ ಅಂತಾರ."

"ಬದುವಿನ ಜಗಳ ಇದ್ದಂಗಾತಲ್ರಿ. ಮುಂದ?"

"ನವಾಬರು ಗೆದ್ರ ಈ ಹೊಳಿ ಖಾಯಂ ಪರದೇಶದ ಗಡಿ ಆಗ್ತದ. ದಿಲ್ಲಿ ಗೆದ್ರ ಗಡಿನೇ ಅಳಿಸಿ ಹೋಗ್ತದ, ಖರೆ ಅಷ್ಟರಾಗ ಯಾವ್ಯಾವ ಊರು ಸುಡ್ತಾವೋ. ಯಾರೂ ಗೆಲ್ಲಲಿಲ್ಲಂದ್ರ ವರ್ಷಗಟ್ಟಲೆ ಹಿಂಗೇ."

"ಈ ಮೂರರಾಗ ಯಾವುದಾದ್ರ ನನ್ನ ಮಗಳು ಹಡಿಯಾಕ ಮನಿಗಿ ಬರ್ತಾಳ್ರಿ?"

ಮಾಸ್ತರ ಪೇಪರ ಮಡಿಚಿದ. ಆಗ ಪೀರಬಿ ಸೆರಗು ಸರಿ ಮಾಡಿಕೊಂಡು ಸಣ್ಣ ದನಿಲೆ ಕೇಳಿದ್ಲು: "ಯಾವುದಾದ್ರ ನಾವು ಇಲ್ಲೇ ಇರ್ತೀವ್ರಿ?"

ಅವ ಪೇಪರ ಬಗಲಾಗ ಇಟಗೊಂಡು ಸಾಲಿ ಕಡೆ ನಡದ. ನಾನೇ ಆಕಿ ರಟ್ಟಿ ಹಿಡದು, "ನೀ ಎಲ್ಲಿಗಿ ಹೋಗ್ತಿ ಬೇ, ಹುಚ್ಚಿ, ನಡಿ" ಅಂತ ಎಳಕೊಂಡು ಬಂದೆ. ರಝಾಕಾರರು ಬಂದು ಲಾಡ್ಲೆಸಾಬಗ ನಮ್ಮ ಕೂಡ ಬಾ ಅಂದಾಗ, "ಹುಟ್ಟು ಹಾಕೋದು ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ರಿ" ಅಂದು ಬೆನ್ನ ತುಂಬ ಬಾಸುಂಡಿ ಬರೋಹಂಗ ಹೊಡಿಸಿಕೊಂಡಾಂವ ಅವ. ಅಂಥವಗ ಊರಾಗ ಯಾರು ಏನಂತಾರ ಅಂತ ನನ್ನ ಧೈರ್ಯ.

ಗಣಪತಿ ಹಬ್ಬದ ಸುಮಾರಕ್ಕ ಒಂದು ಮುಂಜಾನಿ ಗಿಡದಾಗ ಸೀರಿ ಇಲ್ಲ. ಮಳಿ ಅದ, ಹಾಕಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಮರದಿನಾನೂ ಇಲ್ಲ. ಅದರ ಮರದಿನಾ ಬಿಸಿಲು ಬಿತ್ತು, ಆಗೂ ಇಲ್ಲ. ನಾ ದಂಡಿ ಮ್ಯಾಲೇ ಕುಂತು ಎದಿ ಬಡಕೊಂಡೆ. ಚೊಚ್ಚಲ ಹೆರಿಗಿ, ತವರಿಲ್ಲ, ಪೀರಬಿ ಕೈ ಇಲ್ಲ, ನನ್ನ ಮಗಳು ಸತ್ತಳು ಅಂತನೇ ನಾ ತಿಳಕೊಂಡೆ. ಪೀರಬಿ ನನ್ನ ಬಾಯಿ ಮುಚ್ಚಿ, "ಕೆಟ್ಟದ್ದು ಅನಬ್ಯಾಡ ಅಕ್ಕಾ" ಅಂತ ತಾನೂ ಅಳಾಕತ್ತಿದ್ಲು.

ಅದರಾಗೇ ಯುದ್ಧ ಬಂತು. ವಿಮಾನ ಊರ ಮ್ಯಾಲ ಹಾದು ಹೋತು, ದೂರದಾಗ ಗುಡುಗಿದಂಗ ತೋಪಿನ ಸಪ್ಪಳ ಕೇಳ್ತು. ಜ್ವಾಳದ ಹೊಲದಾಗ ಅಡಗ್ರಿ ಅಂದ್ರು, ಅಡಗಿದ್ವಿ. ವಾರ ತುಂಬೂದ್ರಾಗ ನವಾಬ ಶರಣು ಬಂದ, ಎಲ್ಲಾ ಒಂದ ದೇಶ ಆತು ಅಂತ ಡಂಗುರಾ ಸಾರಿದ್ರು. ನಾಕಾದಾಗಿನ ಬಂದೂಕಿನವರು ಓಡಿ ಹೋಗಿದ್ರು. ಇಷ್ಟಕ್ಕಾಗಿ ನನಗ ಇಷ್ಟು ದಿನ ಸುಟ್ಟರಲ್ಲ ಅಂತ ಸಿಟ್ಟು ನೆತ್ತಿಗೇರಿತು.

"ನಡಿ ಪೀರಬಿ, ಹೋಗೂಣು" ಅಂದೆ.

ಆಕಿ ಬಾಗಲಾಗೇ ನಿಂತ್ಲು. ಬಾಣಂತಿ ಖಾರದ ಗಂಟು ನನ್ನ ಕೈಯಾಗ ಇಟ್ಲು. "ನೀ ಹೋಗಿ ಬಾ ಅಕ್ಕಾ. ಈಗ ನಾ ಆಚಿ ದಂಡಿಗಿ ಬಂದ್ರ ನಿನಗೂ ತ್ರಾಸ. ಮಗಳಿಗಿ ಇಲ್ಲಿಗಿ ಕರಕೊಂಡು ಬಾ, ನಾ ನೀರ ಕಾಸಿ ಇಟ್ಟಿರ್ತೇನಿ."

ಲಾಡ್ಲೆಸಾಬನೇ ನನ್ನ ದಾಟಿಸಿದ. ಆಚಿ ದಂಡಿಗಿ ಹರಗೋಲ ಹಚ್ಚಿದ, ತಾ ಕೆಳಗ ಇಳೀಲಿಲ್ಲ.

ಬೀಗರ ಮನಿಗಿ ಹೆಂಗ ಹೋದೆನೋ. ಒಳಗ ಕತ್ತಲ ಕೋಣ್ಯಾಗ ಗಂಗುಬಾಯಿ ತಲೀಗಿ ಬಟ್ಟಿ ಕಟಗೊಂಡು ಕುಂತಾಳ! "ಯವ್ವಾ" ಅಂದ್ಲು. ತೊಲಿಗಿ ಕಟ್ಟಿದ ಜೋಳಿಗ್ಯಾಗ ಹೆಣ್ಣುಕೂಸು ಮಲಗಿತ್ತು. ಜೋಳಿಗಿ ಅಂದ್ರ ಅದೇ ಹಸಿರು ಸೀರಿ.

"ತೊಟ್ಟಿಲ ತವರಿಂದನೇ ಬರಬೇಕಲ್ಲ ಯವ್ವಾ. ನೀ ಬರೋತನಕ ನಿನ್ನ ಸೀರ್‍ಯಾಗರ ಮಲಗಲಿ ಅಂತ ಕಟ್ಟಿದೆ."

"ನಿನ್ನ ಸುಡ್ಲಿ, ನನ್ನ ಜೀವ ತಗದಿದ್ಯಲ್ಲೇ ಹುಡುಗಿ" ಅಂತ ಬೈದು ಅಪ್ಪಿಕೊಂಡು ಅತ್ತೆ. ಅಷ್ಟು ಸುಖದ ಅಳು ಜನ್ಮದಾಗ ಅತ್ತಿಲ್ಲ.

ಹೊಳಿ ಇಳಿಯೋತನಕ ಅಲ್ಲೇ ಬಾಣಂತನ ಮಾಡಿಕೊಂಡು ಉಳದೆ. ಲಾಡ್ಲೆಸಾಬ ಬರ್ತಾನಂತ ಹಾದಿ ಕಾಯ್ದೆ, ಬರಲಿಲ್ಲ. ಎಲ್ಲಿ ಸತ್ತನೋ ಈ ಮೂಳ ಅಂತ ಬೈದು ಬೀಗರ ಊರಿನವರ ಹರಗೋಲದಾಗ ಮಗಳನ್ನ, ಮೊಮ್ಮಗಳನ್ನ ಕರಕೊಂಡು ದಾಟಿದೆ. ಈಚಿ ದಂಡ್ಯಾಗ ಲಾಡ್ಲೆಸಾಬನ ಹರಗೋಲ ಬೋರಲು ಬಿದ್ದಿತ್ತು. ಧರ್ಮಣ್ಣ ಒಬ್ಬನೇ ನಿಂತಿದ್ದ. ನಡದದ್ದು ಅವನೇ ಹೇಳಿದ.

ಯಾವ್ಯಾವುದೋ ಊರ ಮಂದಿ ಬಡಿಗಿ, ಕೊಡಲಿ ಹಿಡಕೊಂಡು ಬಂದಿದ್ರಂತ. ರಝಾಕಾರರು ಮಾಡಿದ್ದರ ಸೇಡು ತೀರಿಸಾಕ ಲಾಡ್ಲೆಸಾಬನ ಮನಿ ಹುಡುಕಿ ಬಂದವರು. ಅವನ ಬೆನ್ನ ಮ್ಯಾಲಿನ ಬಾಸುಂಡಿ ಅವರಿಗೇನು ಕಂಡೀತು? ಧರ್ಮಣ್ಣ ಆ ಬಾಗಲಾಗ ಅಡ್ಡ ನಿಂತು ಅವರನ್ನ ತಿರುಗಿ ಕಳಿಸಿದ. "ಇವತ್ತು ನಿಂತ್ರಿ ಅಣ್ಣಾ, ದಿನಾ ನಿಂತೀರೇನ್ರಿ" ಅಂದು ಲಾಡ್ಲೆಸಾಬ ಹೆಂಡತಿ ಕರಕೊಂಡು ಇಜೇರಿ ಹಾದಿ ಹಿಡದ. ಅಲ್ಲಿ ಪೀರಬಿ ತಂಗಿ ಇದ್ಲು. ಧರ್ಮಣ್ಣ ಹಿಂದಿಂದ ಹೋಗಿ ಜೇವರ್ಗಿ, ಇಜೇರಿ ಎಲ್ಲಾ ಕೇಳಿ ಬಂದಿದ್ದ. ಅವರಿಬ್ಬರೂ ಅಲ್ಲಿಗಿ ಬಂದೇ ಮುಟ್ಟಿದ್ದಿಲ್ಲ.

ನಾ ಗೋಡಿ ಆಚಿ ಹೋಗಿ ನೋಡಿದೆ. ಬಾಗಲಿಗಿ ಚಿಲಕ ಹಾಕಿತ್ತು. ಹಿತ್ತಲದಾಗ ಒಲಿ ಮ್ಯಾಲ ಹಂಡೆ ಇತ್ತು, ತುಂಬ ನೀರು. ಕೂಸಿಗಂತ ಕಾಸಿದ್ದು, ತಣ್ಣಗಾಗಿತ್ತು.

ಆ ನೀರೇ ಮತ್ತೊಮ್ಮೆ ಕಾಸಿ ಕೂಸಿಗಿ ಹಾಕಿದೆ. ತೊಟ್ಟಿಲದಾಗ ಮಲಗಿಸಿ, ಆ ಹಸಿರು ಸೀರಿ ಒಗದು ಮಾಳಗಿ ಏರಿದೆ. ಇಜೇರಿ ಹಾದಿಗಿ ಕಾಣೋಹಂಗ ಕುಂಬಿ ಮ್ಯಾಲಿಂದ ಇಳಿಬಿಟ್ಟೆ. ಹಾರಬಾರದು ಅಂತ ಕಲ್ಲು ಹೇರಿದೆ.

ಹಾದ್ಯಾಗ ಹೊಂಟ ಮಾಸ್ತರ ಕೆಳಗ ನಿಂತು, "ಈಗೇನು ನಿಂಬೆವ್ವ, ಮಗಳು ಬಂದ್ಲು, ಗಡಿ ಹೋತು. ಇನ್ನೂ ಯಾಕ ಸೀರಿ?" ಅಂದ.

"ಯಾವುದಾದ್ರ ನಾವು ಇಲ್ಲೇ ಇರ್ತೀವಿ ಅಂತ ಪೀರಬಿ ಕೇಳಿದ್ಲಲ್ರಿ ಮಾಸ್ತರ ಅವತ್ತು. ನೀವಂತೂ ಹೇಳಲಿಲ್ಲ" ಅಂದೆ.

ದಿನಾ ಹಾಕ್ತೇನಿ. ಸೀರಿ ಬಣ್ಣ ಈಗ ಪೂರಾ ಹೋಗ್ಯದ, ಹಸಿರು ಅಂತ ನಾ ಹೇಳಿದ್ರನೇ ತಿಳೀಬೇಕು. ಖರೆ ಉಪಾಯ ಆಕೀದೇ ಅಲ್ಲೇನು, ದೂರದಿಂದ ನೋಡಿದ್ರೂ ಆಕಿಗಿ ಗುರ್ತು ಹತ್ತತದ.