ಹಗ್ಗಕ್ಕೆ ಕೈ ಹಚ್ಚಿದ ಮೇಲೆ

ಸಮುದ್ರದ ದಂಡೆಗೆ ಬಂದು ಮನೆ ಮಾಡಿ ಮೂರು ತಿಂಗಳಾದರೂ ವಾಜಿದಾಳ ಪಾದ ಉಪ್ಪುನೀರಿನಲ್ಲಿ ಸರಿಯಾಗಿ ತೊಯ್ದಿರಲಿಲ್ಲ. ಬೆಳಿಗ್ಗೆ ಗಂಡ ಬಿಲಾಲ ಚಹಾ ಕುಡಿದು ಕೆಲಸಕ್ಕೆ ಹೋದನೆಂದರೆ ಅವಳು ಪಾತ್ರೆ ತಿಕ್ಕಿ ಬೋರಲು ಹಾಕಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಮನೆಯ ಹಿಂದಿನ ಗಾಳಿಮರಗಳ ಸಾಲಿಗೆ ಬಂದು ನಿಲ್ಲುತ್ತಿದ್ದಳು. ಅಲ್ಲಿಂದ ಮುಂದಕ್ಕೆ ಮರಳು, ಮರಳಿನ ಆಚೆ ನೀರು. ಮರದ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಅವಳ ಸೀಮೆಯೂ ಮುಗಿಯುತ್ತಿತ್ತು.

ಅವಳದು ರಾಯಬಾಗ ಕಡೆಯ ಪಾಲಬಾವಿ. ಅಲ್ಲಿ ಕಬ್ಬು ಎದ್ದು ನಿಂತಿತೆಂದರೆ ಪಕ್ಕದ ಹೊಲದಲ್ಲಿ ಕೆಮ್ಮಿದವರು ಯಾರೆಂದು ದನಿಯಿಂದಲೇ ಗುರುತಿಸಬೇಕು. ಇಲ್ಲಿ ಹಾಗಲ್ಲ, ಕಣ್ಣು ಎಷ್ಟು ದೂರ ಹೋದರೂ ಅಡ್ಡ ಬರುವವರಿಲ್ಲ. ಮೊದಲ ವಾರ ಅವಳಿಗೆ ಆ ಬಯಲು ನೋಡಿ ತಲೆ ತಿರುಗಿತ್ತು. ಎರಡನೆಯ ವಾರದಿಂದ ಅದನ್ನು ನೋಡದಿದ್ದರೆ ಹೊತ್ತು ಹೋಗದಂತಾಯಿತು. ಸಂಜೆ ನೀರು ಹಿಂದಕ್ಕೆ ಸರಿದಾಗ ಮರಳಿನಲ್ಲಿ ಸಣ್ಣ ಏಡಿಗಳು ತೂತು ಕೊರೆದು, ಕಡಲೆಯಷ್ಟು ಉಂಡೆ ಕಟ್ಟಿ, ಬಾಗಿಲ ಮುಂದೆ ಇಟ್ಟು ಒಳಗೆ ಓಡುವುದನ್ನು ನೋಡಿ ಒಬ್ಬಳೇ ನಗುತ್ತಿದ್ದಳು. ಮಾತಾಡಿ ನಗಲು ಮಾತ್ರ ಯಾರೂ ಇರಲಿಲ್ಲ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟಾಗಿನಿಂದ ನಾಲ್ಕು ಮಂದಿ ಕೂಡಿದಲ್ಲಿ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಬಿಲಾಲ ರಾಯಬಾಗದಲ್ಲಿ ಹತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವನು. ಅಂಕೋಲೆಯ ಆಚೆ ಈ ಸಣ್ಣ ಊರಿನಲ್ಲಿ ದೋಣಿಯ ಎಂಜಿನ್ ನೋಡುವವರಿಲ್ಲ ಎಂದು ಗೆಳೆಯನೊಬ್ಬ ಹೇಳಿದ್ದೇ ತಡ, ಪಾನಾ ಪಕ್ಕಡ ಕಟ್ಟಿಕೊಂಡು ಬಂದಿದ್ದ. "ನೀರು ಎತ್ತೂ ಎಂಜಿನ್ ಆದ್ರೇನು, ನೀರಿನ ಮ್ಯಾಲೆ ಓಡೂ ಎಂಜಿನ್ ಆದ್ರೇನು, ಎಲ್ಲಾ ಒಂದ ತಾಯಿ ಮಕ್ಕಳು" ಎನ್ನುತ್ತಿದ್ದ. ಕೆಲಸವೇನೋ ಕೈಗೆ ಹತ್ತಿತು. ಈಗ ಅವನು ಕೆಲಸ ಮಾಡುವ ಬಾಡಿಗೆ ಷೆಡ್ಡಿನ ಮಾಲೀಕ ಮೂರು ವರ್ಷಕ್ಕೆ ಬರೆದುಕೊಡಲೋ, ಬೇರೆಯವರಿಗೆ ಕೊಡಲೋ, ಶುಕ್ರವಾರದೊಳಗೆ ಹೇಳು ಎಂದಿದ್ದ.

"ನನಗ ಹೆಂಗಾದ್ರೂ ನಡಿತೈತಿ," ಎಂದ ಬಿಲಾಲ, ಊಟಕ್ಕೆ ಕೂತಾಗ. "ದಿನಾಪೂರ್ತಿ ಮನ್ಯಾಗ ಒಬ್ಬಾಕೀನ ಇರಾಕಿ ನೀನು. ನಿನ್ನ ಮನಸ್ಸು ಹತ್ತಿದ್ರ ಇರೂನು. ಇಲ್ಲಂದ್ರ ಮಳಿಗಿಂತ ಮೊದಲ ರಾಯಬಾಗ. ಖರೇ ಹೇಳು."

ವಾಜಿದಾ ತಾಟಿನಲ್ಲಿ ಬೆರಳಾಡಿಸಿದಳು. ಸಮುದ್ರ ಅವಳ ಮನಸ್ಸಿಗೆ ಹತ್ತಿತ್ತು. ಊರು ಹತ್ತಿಸಿಕೊಂಡಿರಲಿಲ್ಲ. ಮಾತಾಡಿಸುವವರಿಲ್ಲದ ಊರಿನಲ್ಲಿ ಸಮುದ್ರ ಒಂದನ್ನೇ ಕಟ್ಟಿಕೊಂಡು ಮೂರು ವರ್ಷ ಹೆಂಗೆ ತೆಗೆಯುವುದು?

"ಶುಕ್ರವಾರ ಹೇಳ್ತೀನ್ರಿ," ಎಂದಳು.

ಅವಳು ದಿನಾ ನೋಡುತ್ತಿದ್ದದ್ದು ದೊಡ್ಡ ಬಲೆ ಎಳೆಯುವುದನ್ನು. ಇಲ್ಲಿಯವರು ಅದಕ್ಕೆ ರಂಪಣಿ ಎನ್ನುತ್ತಿದ್ದರು. ನಸುಕಿನಲ್ಲಿ ಒಂದು ದೋಣಿ ಹೋಗಿ ಬಲೆಯನ್ನು ಕಮಾನಿನಂತೆ ಬಿಟ್ಟು ಬರುವುದು. ಆಮೇಲೆ ಬಲೆಯ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ಎರಡು ಸಾಲು ಮಂದಿ ನಿಂತು ಎಳೆಯುವುದು. ಎಡಗಡೆಯ ಸಾಲಿನ ಮುಂದೆ ಬಾಳು ತಾಂಡೇಲ, ಈ ಬಲೆಗೆಲ್ಲ ಯಜಮಾನ. ಬಲಗಡೆ ಹೆಂಗಸರ ನಡುವೆ ಮಾಯಾ, ಎರಡು ಮನೆ ಆಚೆಯವಳು, ಮೀನು ಮಾರುವವಳು. ಊರಿಗೆಲ್ಲ ಕೇಳಿಸುವ ಗಂಟಲು ಅವಳದು. ಯಾರು ಮೈಗಳ್ಳ, ಯಾರು ಹಗ್ಗ ಹಿಡಿದು ಬರೀ ಹಾಡುವವ, ಎಲ್ಲವೂ ವಾಜಿದಾಳಿಗೆ ಮರದ ಕೆಳಗೆ ನಿಂತೇ ಗೊತ್ತಾಗಿಬಿಟ್ಟಿತ್ತು.

ಆ ಸೋಮವಾರ ಪಕ್ಕದೂರಿನಲ್ಲಿ ಮದುವೆ. ಹಗ್ಗಕ್ಕೆ ಅರ್ಧ ಮಂದಿಯೂ ಇರಲಿಲ್ಲ. ಬಲೆ ಭಾರವಾಗಿತ್ತು; ಎಳೆದಷ್ಟೂ ನೀರು ಹಿಂದಕ್ಕೆ ಜಗ್ಗುತ್ತಿತ್ತು. ಮಾಯಾ ತಿರುಗಿ ನೋಡಿದಳು.

"ಹೋಯ್! ಗಾಳಿಮರದ ಹುಡುಗಿ! ಮೂರು ತಿಂಗಳಾಯ್ತು, ನಮ್ಮನ್ನ ಸಿನಿಮಾ ನೋಡ್ದಂಗೆ ನೋಡ್ತೆ. ಬಾರೆ ಇಲ್ಲಿ, ಕೈ ಹಚ್ಚು!"

ವಾಜಿದಾಳ ಕಾಲು ಅವಳನ್ನು ಕೇಳಲಿಲ್ಲ. ಚಪ್ಪಲಿ ಮರದ ಬುಡದಲ್ಲಿ ಬಿಟ್ಟು, ಸೆರಗನ್ನು ನಡುವಿಗೆ ಬಿಗಿದು, ಓಡಿ ಬಂದು ಹಗ್ಗ ಹಿಡಿದಳು. ಹಗ್ಗ ಅವಳಿಗೆ ಹೊಸದಲ್ಲ. ಟ್ರಾಲಿಗೆ ಕಬ್ಬು ಬಿಗಿಯುವಾಗ, ಜಿದ್ದಿಗೆ ಬಿದ್ದ ಎಮ್ಮೆ ಎಳೆಯುವಾಗ ಹಿಮ್ಮಡಿ ಊರಿ ಹಿಂದಕ್ಕೆ ಒರಗುವುದು ಗೊತ್ತಿತ್ತು. ಹಾಗೇ ಒರಗಿದಳು. ಮರಳಿನಲ್ಲಿ ಹಿಮ್ಮಡಿ ನಿಲ್ಲದೆ ಧಡಕ್ಕನೆ ಕುಂಡಿಯ ಮೇಲೆ ಕೂತಳು.

"ಎಮ್ಮೆ ಅಲ್ದೇ ಅದು, ಸಮುದ್ರ!" ಎಂದು ಮಾಯಾ ಕೂಗಿದಳು. ಸಾಲಿಗೆ ಸಾಲೇ ನಕ್ಕಿತು. ವಾಜಿದಾಳಿಗೂ ನಗು ಬಂತು, ಮೂರು ತಿಂಗಳಲ್ಲಿ ಮೊದಲ ಸಲ ದನಿ ತೆಗೆದು. ಬಲೆ ದಂಡೆಗೆ ಬರುವಷ್ಟರಲ್ಲಿ ಅವಳು ನಡುಮಟ ತೊಯ್ದಿದ್ದಳು. ಬಲೆಯೊಳಗೆ ಬಂಗಡೆ ಮೀನು ಕರಗಿದ ಬೆಳ್ಳಿಯ ಹಾಗೆ ಕುದಿಯುತ್ತಿತ್ತು.

ಬಾಳು ತಾಂಡೇಲ ಮರಳಿನ ಮೇಲೆ ಪಾಲು ಹಾಕಿದ. ಹಗ್ಗ ಹಿಡಿದ ಒಬ್ಬೊಬ್ಬರಿಗೆ ಒಂದೊಂದು ಗುಂಪೆ. ಕೊನೆಗೆ ವಾಜಿದಾಳ ಮುಂದೆಯೂ ಒಂದು ಹಾಕಿದ.

"ಅಯ್ಯ, ನನಗ ಬ್ಯಾಡ್ರಿ," ಎಂದು ಅವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ತಕಾ ತಕಾ. ನಿಂದೇ ಪಾಲು."

"ಬ್ಯಾಡ್ರಿ, ಬ್ಯಾಡ್ರಿ," ಎಂದು ಹಿಂದೆ ಹಿಂದೆ ಸರಿದು ಚಪ್ಪಲಿ ಮೆಟ್ಟಿ ಮನೆಗೆ ಬಂದುಬಿಟ್ಟಳು. ದಾರಿಯುದ್ದಕ್ಕೂ ಎದೆ ಹಿಗ್ಗಿತ್ತು. ಪಾಲಬಾವಿಯಲ್ಲಿ ಪಕ್ಕದ ಹೊಲದ ಲಗಮಣ್ಣ ಕಾಕಾನ ಕಬ್ಬು ನಾಟಿಗೆ ಅವಳ ತಾಯಿ ದಾವಲಬಿ ಮುಯ್ಯಾಳು ಹೋಗುತ್ತಿದ್ದಳು. ಕೂಲಿ ಮುಟ್ಟುತ್ತಿರಲಿಲ್ಲ. ಕಾಕಾನ ಹೆಂಡತಿ ಸಕ್ಕುಬಾಯಿ ಚಹಾ ಕೊಟ್ಟರೆ ಅಷ್ಟೇ. ಇವರ ಹೊಲದ ಕೆಲಸ ಬಂದ ದಿನ ಸಕ್ಕುಬಾಯಿಯೂ ಹಾಗೆಯೇ ಬಂದು ದುಡಿದು ಹೋಗುತ್ತಿದ್ದಳು. ಕೊಟ್ಟದ್ದನ್ನು ಇಸಿದುಕೊಳ್ಳುವವರು ಕೂಲಿಯವರು. ಬೇಡ ಎಂದವರು ಮನೆಯವರು. ತಾನು ಇವತ್ತು ಬೇಡ ಎಂದು ಬಂದಿದ್ದಳು. ಇನ್ನು ಅವರೇ ಬಂದು ಮಾತಾಡಿಸುತ್ತಾರೆ ಎಂದುಕೊಂಡಳು.

ಯಾರೂ ಮಾತಾಡಿಸಲಿಲ್ಲ. ಮರುದಿನ ಮಾಯಾ ಬಾಗಿಲ ಮುಂದೆಯೇ ಹಾದು ಹೋದಳು. ವಾಜಿದಾ ನಕ್ಕರೂ ಮುಖ ಸಮುದ್ರದ ಕಡೆ ತಿರುಗಿಸಿದಳು. ಬುಧವಾರ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಾಗ ಮಾಯಾ ತನ್ನ ನಾದಿನಿಗೆ ಕೊಂಕಣಿಯಲ್ಲಿ ಹೇಳುತ್ತಿದ್ದಳು:

"ತಿಕಾ ಆಮ್ಚೊ ವಾಂಟೊ ನಾಕಾ."

ಘಟ್ಟದ ಮೇಲಿನವಳಿಗೆ ಕೊಂಕಣಿ ಎಲ್ಲಿಂದ ತಿಳಿಯಬೇಕು ಎಂಬ ಧೈರ್ಯ ಅವಳದು. ಆದರೆ ವಾಜಿದಾ ಗಡಿಯ ಹುಡುಗಿ. ಪಾಲಬಾವಿಯ ಸಂತೆಯಲ್ಲಿ ಅರ್ಧ ವ್ಯಾಪಾರ ಮರಾಠಿಯಲ್ಲೇ. ಮರಾಠಿಯ ಬೆನ್ನು ಹತ್ತಿ ಕೊಂಕಣಿ ಅವಳ ಕಿವಿಯೊಳಗೆ ಸಲೀಸಾಗಿ ಬಂತು: ಅವಳಿಗೆ ನಮ್ಮ ಪಾಲು ಬೇಡವಂತೆ. ಮಾಯಾ ಮುಂದುವರಿಸಿದಳು: ನಮ್ಮ ಕೈ ಮುಟ್ಟಿದ್ದು ಹೇಸಿಗೆಯೇನೋ. ಆ ಗುಂಪೆಯನ್ನು ಯಾರೂ ಒಯ್ಯಲಿಲ್ಲ, ತಾಂಡೇಲ ನೀರಿಗೇ ಬಿಟ್ಟ. ಪಾಲು ಒದ್ದು ಹೋದವರ ದೆಸೆಯಿಂದ ಎರಡು ದಿನ ಬಲೆಯಲ್ಲಿ ಬರೀ ಲೋಳೆಮೀನು. ಹಗ್ಗಕ್ಕೆ ಕರೆದದ್ದು ನನ್ನ ತಪ್ಪು.

ವಾಜಿದಾಳ ಕೊಡ ತುಂಬಿ ಹೊರಚೆಲ್ಲಿತು. ಹೇಳಬೇಕು ಎಂದು ಬಾಯಿ ತೆರೆದಳು. ಆದರೆ ನಲ್ಲಿ ಬಂದ್ ಮಾಡಿ, ಕೊಡ ಎತ್ತಿಕೊಂಡು ಬಂದುಬಿಟ್ಟಳು.

ಮಧ್ಯಾಹ್ನ ತಾಯಿಗೆ ಫೋನು ಮಾಡಿ ಎಲ್ಲ ಹೇಳಿದಳು. ದಾವಲಬಿ ಮೊದಲು ನಕ್ಕಳು. "ಅಯ್ಯ ನನ ಹುಚ್ಚಿ! ಮುಯ್ಯಾಳು ಅಂದ್ರೇನಂತ ಗೊತ್ತಿಲ್ಲದವರ ಮುಂದ ದೊಡ್ಡಸ್ತಿಕಿ ಮಾಡಿ ಬಂದೇನು?" ಆಮೇಲೆ ದನಿ ತಗ್ಗಿಸಿದಳು. "ಬ್ಯಾಸರಾಗಿದ್ರ ಬಂದಬಿಡವಾ. ಇಲ್ಲಿ ಎಲ್ಲಾರೂ ಅದಾರ."

"ಬ್ಯಾಸರ ಆಗಿಲ್ಲ ಅಮ್ಮಾ," ಎಂದಳು ವಾಜಿದಾ. ಹೇಳಿದ ಮೇಲೆಯೇ ಅದು ನಿಜವೆಂದು ಅವಳಿಗೆ ತಿಳಿಯಿತು. ಈ ಊರು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

"ಮತ್ತ ಬಾಯಿ ಐತಿಲ್ಲ? ಹೋಗಿ ಹೇಳು. ಬಾಯಿ ಇಲ್ಲಾಂದ್ರ ಬಾ."

ಗುರುವಾರ ನಸುಕು ಹರಿಯುವಷ್ಟರಲ್ಲಿ ಅವಳು ದಂಡೆಯಲ್ಲಿದ್ದಳು. ಯಾರೂ ಕರೆಯಲಿಲ್ಲ. ಬಲಗಡೆಯ ಸಾಲಿನ ಕಟ್ಟಕಡೆಗೆ ಹೋಗಿ ಹಗ್ಗ ಹಿಡಿದಳು. ಮುಂದಿದ್ದ ಹೆಂಗಸು ಒಂದು ಸಲ ತಿರುಗಿ ನೋಡಿ ಮತ್ತೆ ಹಗ್ಗಕ್ಕೆ ಒರಗಿದಳು. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಈ ಸಲ ಅವಳು ಎಲ್ಲರಂತೆ ಹೆಜ್ಜೆ ಬದಲಿಸಿ, ಅಲೆ ಮುಂದೆ ಬಂದಾಗ ಎಳೆದು, ಹಿಂದೆ ಹೋಗುವಾಗ ತಡೆದು ನಿಂತಳು. ಅಂಗೈ ಸುಲಿಯಿತು. ಬಲೆ ಬಂತು. ಬಂಗಡೆ ಕಮ್ಮಿ, ತಾರ್ಲೆ ಮೀನು ಸ್ವಲ್ಪ ಹೆಚ್ಚು.

ಬಾಳು ತಾಂಡೇಲ ಪಾಲು ಹಾಕುತ್ತ ಬಂದ. ಅವಳ ಮುಂದೆ ಬಂದವನು ಬುಟ್ಟಿ ಎತ್ತಿಕೊಂಡು ಮುಂದಕ್ಕೆ ದಾಟಿದ.

ಈಗ ಹೇಳದಿದ್ದರೆ ಯಾವತ್ತೂ ಹೇಳುವುದಾಗುವುದಿಲ್ಲ ಎನ್ನಿಸಿತು. ಶುಕ್ರವಾರಕ್ಕೆ ಇನ್ನು ಒಂದೇ ದಿನ. ಬಾಯಿಗೆ ಮೊದಲು ಬಂದದ್ದು ಸಂತೆಯ ಮರಾಠಿ, ನನ್ನ ಪಾಲು ಎಲ್ಲಿ ಎಂದು.

"ಮಾಝಾ ವಾಟಾ ಕುಠಂ ಆಹೆ?"

ಸಾಲಿಗೆ ಸಾಲೇ ತಿರುಗಿ ನೋಡಿತು. ಮಾಯಾಳ ಕೈಯಿಂದ ಒಂದು ತಾರ್ಲೆ ಜಾರಿ ಬಿತ್ತು.

"ದೇವರೇ!" ಎಂದಳು ಮಾಯಾ. "ಇವಳಿಗೆ ತಿಳಿತದೆ! ನಲ್ಲಿ ಹತ್ರ ನಾ ಅಂದಿದ್ದೆಲ್ಲಾ ತಿಳಿತೇನೆ ನಿಂಗೆ?"

"ತಿಳೀತ್ರಿ," ಎಂದಳು ವಾಜಿದಾ. "ಹೋದ ತಿಂಗಳ ನಿಮ್ಮ ಅತ್ತಿ ಬಗ್ಗೆ ಅಂದಿದ್ದೂ ತಿಳೀತ್ರಿ."

ಗಂಡಸರ ಸಾಲಿನಿಂದ ಯಾರೋ ಹೋ ಎಂದು ನಕ್ಕರು. ಮಾಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಳು ತಾಂಡೇಲ ಮಾತ್ರ ನಗಲಿಲ್ಲ.

"ಸೋಮವಾರ ಬೇಡ ಅಂದವ್ರಿಗೆ ಇವತ್ತು ಹ್ಯಾಂಗೆ ಪಾಲು ಹಾಕೂದು ತಂಗಿ?"

"ನಮ್ಮ ಕಡೆ ಹೆಂಗಂದ್ರರಿ, ತಾಂಡೇಲರ..." ಎಂದು ವಾಜಿದಾ ಶುರುಮಾಡಿದಳು. "ಒಬ್ಬರ ಕೆಲಸಕ್ಕ ಒಬ್ಬರು ಹೋಗಿ ಕೈ ಹಚ್ಚತೀವಿ. ಏನರೆ ಕೊಟ್ರ ತಗೊಳೂದಿಲ್ಲ. ತಗೊಂಡ್ರ ಅದು ಕೂಲಿ ಆಕ್ಕೈತಿ. ತಗೊಳ್ಲಿಲ್ಲಂದ್ರ ಅವರು ನಮ್ಮವರು. ನಾ ಹೇಸಿಗಿ ಅಂತ ಬ್ಯಾಡ ಅನ್ನಲಿಲ್ರಿ. ನಿಮ್ಮಾಕಿ ಆಗಬೇಕಂತ ಬ್ಯಾಡ ಅಂದ್ನಿ."

ಅಷ್ಟು ಉದ್ದದ ಮಾತನ್ನು ಅವಳು ಮಂದಿಯ ಮುಂದೆ ಜನ್ಮದಲ್ಲೇ ಆಡಿರಲಿಲ್ಲ. ಹಿಂದೆ ಅಲೆ ಬಂದು ಕಾಲು ತೊಳೆದು ಹೋಯಿತು.

ಬಾಳು ತಾಂಡೇಲ ತಲೆಯ ಟೊಪ್ಪಿ ತೆಗೆದು ಬೋಳು ತಲೆ ಕೆರೆದುಕೊಂಡ. "ನಮ್ಮಲ್ಲಿ ಅದಕ್ಕೆ ಉಲ್ಟಾ. ಹಗ್ಗಕ್ಕೆ ಕೈ ಹಚ್ಚಿದ್ಮೇಲೆ ಪಾಲು ತಕಳ್ಳೇಬೇಕು. ತಕಂಡವ್ರು ನಮ್ಮವ್ರು." ಸ್ವಲ್ಪ ಯೋಚಿಸಿ ಕೇಳಿದ: "ಹಂಗಾರೆ ನಿಮ್ಮ ಲೆಕ್ಕದಲ್ಲಿ ಸೋಮವಾರದ ಕೆಲಸ ನಮ್ಮ ತಲೆ ಮೇಲೆ ಉಂಟು?"

"ಐತ್ರಿ," ಎಂದಳು ವಾಜಿದಾ. "ಒಂದು ದಿನದ್ದು."

ಈಗ ತಾಂಡೇಲನೂ ನಕ್ಕ. "ಕೇಳಿದ್ರೇನ್ರೋ! ಘಟ್ಟದಿಂದ ಇಳಿದು ಬಂದು ನಮ್ಮನ್ನೇ ಆಳು ಮಾಡ್ತದೆ ಇದು. ಹೇಳು, ಎಂತ ಕೆಲಸ?"

ವಾಜಿದಾ ದಂಡೆಯ ಮನೆಗಳ ಕಡೆ ನೋಡಿದಳು. ಗಾಳಿ ಮಳೆಗೆ ಅಡ್ಡವಾಗಲೆಂದು ಎಲ್ಲರೂ ಪಡಸಾಲೆಗೆ ತೆಂಗಿನ ಗರಿಯ ತಟ್ಟಿ ಕಟ್ಟತೊಡಗಿದ್ದರು. ಅವಳ ಮನೆಯೊಂದೇ ಬೋಳಾಗಿ ನಿಂತಿತ್ತು.

"ನಮಗ ತಟ್ಟಿ ಹೆಣಿಯಾಕ ಬರೂದಿಲ್ರಿ. ಮಳಿ ಬರೂದರಾಗ ಕಟ್ಟಿಕೊಟ್ರ..."

"ಮಳೆಗಾಲಕ್ಕೆ ಇರ್ತ್ರೇನೆ ನೀವು?" ಮಾಯಾ ಥಟ್ಟನೆ ಕೇಳಿದಳು. "ನಿನ್ನ ಗಂಡ ಊರಿಗೆ ಹೋಗ್ತೆವೇನೋ ಅಂತಿದ್ದ."

"ಇರ್ತೀವ್ರಿ," ಎಂದಳು ವಾಜಿದಾ. "ಮೂರು ಮಳಿಗಾಲ."

"ಹಂಗಾರೆ ಆದಿತ್ಯವಾರ ಹನ್ನೆರಡು ಜನ ಬರ್ತೆವು," ಎಂದು ಬಾಳು ತಾಂಡೇಲ ಬುಟ್ಟಿ ಇಳಿಸಿ ಅವಳ ಮುಂದೆ ಪಾಲು ಹಾಕಿದ. ಎಲ್ಲರಿಗೆ ಹಾಕಿದಷ್ಟೇ, ಒಂದು ಮೀನು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಅವಳು ಕೂತು ಎರಡೂ ಕೈಯಿಂದ ಬಾಚಿ ಸೆರಗಿನಲ್ಲಿ ಕಟ್ಟಿಕೊಂಡಳು. ತಣ್ಣಗಿನ ನೀರು ಹೊಟ್ಟೆಯ ಮೇಲೆ ಇಳಿಯಿತು.

ಮೊದಲು ಷೆಡ್ಡಿಗೆ ಹೋದಳು. ಬಿಲಾಲ ಎಂಜಿನ್ನಿನ ಹೊಟ್ಟೆಯಲ್ಲಿ ಮೊಣಕೈಮಟ ಕೈ ಇಟ್ಟಿದ್ದ. ತೊಯ್ದ ಸೀರೆ, ಸುಲಿದ ಅಂಗೈ, ಸೆರಗಿನಿಂದ ಇಣುಕುವ ಬಾಲಗಳನ್ನು ನೋಡಿ ಗಾಬರಿಯಾಗಿ ಎದ್ದ.

"ಏನಿದು? ಬಿದ್ದಿ ಏನು?"

"ಇಲ್ರಿ. ನನ್ನ ಪಾಲು." ಉಸಿರು ತೆಗೆದುಕೊಂಡಳು. "ಷೆಡ್ಡಿನವರಿಗೆ ಹೂಂ ಅಂದುಬಿಡ್ರಿ, ಇವತ್ತ. ಮತ್ತ ಆದಿತ್ಯವಾರ ಹನ್ನೆರಡು ಮಂದಿ ತಟ್ಟಿ ಕಟ್ಟಾಕ ಬರ್ತಾರ. ಚಹಾಪುಡಿ ತರ್ರಿ, ಸಕ್ರಿ ಜಾಸ್ತಿ ತರ್ರಿ."

ಬಿಲಾಲ ಎಣ್ಣೆಗೈಯಲ್ಲೇ ನಿಂತು ಹೆಂಡತಿಯ ಮುಖ ನೋಡಿದ. ಅವಳು ಇಷ್ಟು ಹುಕುಂ ಮಾಡಿದ್ದನ್ನು ಅವನು ಕೇಳಿರಲಿಲ್ಲ. "ಹೌದ್ರಿ ಬಾಯಾರ, ತರ್ತೀನ್ರಿ," ಎಂದ, ನಕ್ಕು.

ಮನೆಗೆ ಬಂದರೆ ಮಾಯಾ ಆಗಲೇ ಹಿತ್ತಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ತನ್ನ ಕತ್ತಿಯನ್ನು ಕಲ್ಲಿಗೆ ತಿಕ್ಕುತ್ತಿದ್ದಳು.

"ಬಾ. ಮೀನು ಸೋಸೂಕೆ ಬರೂದಿಲ್ಲ ನಿಂಗೆ, ನಂಗೊತ್ತು. ಮತ್ತೆ ಕೇಳು, ನಮ್ಮ ಅತ್ತೆ ಸುದ್ದಿ..."

"ನನಗ ಕೊಂಕಣಿ ತಿಳಿಯೂದಿಲ್ರೀ," ಎಂದಳು ವಾಜಿದಾ.

ಮಾಯಾ ಗಹಗಹಿಸಿ ಒಂದು ಬಂಗಡೆ ಎತ್ತಿ ಅವಳ ಅಂಗೈಗೆ ಇಟ್ಟಳು. ಅದು ಸರಕ್ಕನೆ ಜಾರಿತು. "ಗಟ್ಟಿ ಹಿಡಿಯೇ, ಸತ್ತದ್ದು ಅದು, ಓಡಿ ಹೋಗೂದಿಲ್ಲ," ಎಂದಳು. ವಾಜಿದಾ ಮರಳು ಹತ್ತಿದ ಮೀನನ್ನು ತೊಳೆದು, ಈ ಸಲ ಕಿವಿರಿನೊಳಗೆ ಬೆರಳು ತೂರಿಸಿ ಹಿಡಿದಳು.